ಸೂತಕ ಕಳೆದ ಬೆಳಿಗ್ಗೆ

ತಾಯಿ ತೀರಿಕೊಂಡ ದಿನದಿಂದ ಪದ್ದು ಪಂಚೆಯಲ್ಲೇ ಎಲ್ಲ ಮಾಡಿಕೊಳ್ಳುತ್ತಿದ್ದ. ಮೂವತ್ತು ದಾಟಿದವನು, ಬುದ್ಧಿ ಮಾತ್ರ ಎಳೆಯ ಮಗುವಿನದು.

"ಅಮ್ಮ ಇದ್ದಾಗ ತಾನೇ ಎದ್ದು ಪಾಯಿಖಾನೆಗೆ ಹೋಗುತ್ತಿದ್ದನಲ್ಲಪ್ಪ. ಈಗೇನು ಬಂತು ಇವನಿಗೆ?" ಪದ್ದುವಿನ ಅಕ್ಕ ನೆಲ ಒರೆಸುತ್ತ ತಂದೆಯನ್ನು ಕೇಳಿದಳು.

"ನಿಮ್ಮಮ್ಮ ಹೇಗೆ ಕಲಿಸಿದ್ದಳೋ ಗೊತ್ತಿಲ್ಲಮ್ಮ. ಅವನು ಹೋಗುವ ಹೊತ್ತಿಗೆ ನಾನು ದೇವರ ಮನೆಯಲ್ಲಿರುತ್ತಿದ್ದೆ" ಎಂದರು ರಾಯರು.

"ಈ ವಯಸ್ಸಿನಲ್ಲಿ ಇವನ ಬಟ್ಟೆ ಒಗೆಯುತ್ತೀರಾ ನೀವು? ಇಂಥವರನ್ನು ನೋಡಿಕೊಳ್ಳುವ ಆಶ್ರಮದವರಿಗೆ ಹೇಳಿದ್ದೇನೆ. ನಾಳೆ ಬಂದು ಕರೆದುಕೊಂಡು ಹೋಗುತ್ತಾರೆ."

ರಾಯರು ಮಗನ ತಲೆ ಸವರಿದರು. "ಹೋಗ್ತೀಯೇನೋ ಪದ್ದು?"

"ಅಮ್ಮ ಎಲ್ಲಿ?" ಎಂದ ಅವನು.

ಮರುದಿನ ಸೂತಕ ಕಳೆದಿತ್ತು. ಇಷ್ಟು ದಿನ ಪೂಜೆಯಿಲ್ಲದೆ ಮುಚ್ಚಿದ್ದ ದೇವರ ಮನೆಯ ಬಾಗಿಲನ್ನು ರಾಯರು ಸ್ನಾನ ಮಾಡಿ ಬಂದು ತೆರೆದರು. ಅಷ್ಟರಲ್ಲಿ ಆಶ್ರಮದ ವ್ಯಾನು ಬಾಗಿಲಿಗೆ ಬಂದು ನಿಂತಿತು.

"ಬೇಗ ಮುಗಿಸಿ ಅಪ್ಪ, ಅವರು ಕಾಯುತ್ತಿದ್ದಾರೆ." ತಮ್ಮನ ಬಟ್ಟೆಯ ಚೀಲ ಮಗಳ ಕೈಯಲ್ಲಿತ್ತು.

"ಮಂಗಳಾರತಿ ಆಗಲಿ ತಾಯಿ. ಕಣ್ಣಿಗೊತ್ತಿಕೊಂಡು ಹೋಗಲಿ ಅವನು."

'ಇವನನ್ನು ನಿನ್ನ ಮೇಲೆ ಬಿಟ್ಟಿದ್ದೇನೆ ಸ್ವಾಮಿ' ಎಂದುಕೊಂಡು, ಆರತಿ ಎತ್ತಿ, ರಾಯರು ಗಂಟೆ ಬಾರಿಸಿದರು.

ನಡುಮನೆಯಲ್ಲಿ ಕೂತಿದ್ದ ಪದ್ದು ಗಂಟೆಯ ಸದ್ದು ಕೇಳಿದ್ದೇ ಎದ್ದ. ಯಾರೂ ಹೇಳದೆಯೇ, ಪಂಚೆ ಎತ್ತಿ ಹಿಡಿದುಕೊಂಡು, ನೇರವಾಗಿ ಪಾಯಿಖಾನೆಗೆ ಹೋಗಿ ಬಾಗಿಲು ಹಾಕಿಕೊಂಡ.