ವಿನಾಯಿತಿಯ ಕೋಣೆ

ನಿಯಮ ಮೀರಿ ಕಟ್ಟಿದ ಕೋಣೆಗೆ ಪಾಲಿಕೆ ಕೊಟ್ಟ ವಿನಾಯಿತಿಯನ್ನು ನ್ಯಾಯಾಲಯ ರದ್ದುಪಡಿಸಿದರೆ, ಆ ಕೋಣೆಯನ್ನು ಎಂದೂ ಕಟ್ಟಿಯೇ ಇರಲಿಲ್ಲ ಎಂದಾಗುತ್ತದೆ. ಒಡೆಯಲು ಯಾರೂ ಬರುವುದಿಲ್ಲ; ಒಳಗಿದ್ದುದರ ಸಮೇತ ಅದು ತಾನಾಗಿಯೇ ಇಲ್ಲವಾಗುತ್ತದೆ. ಅದಕ್ಕೇ ತೀರ್ಪಿನ ದಿನ ಜನ ಸಾಮಾನನ್ನೆಲ್ಲ ಕೆಳಗಿಳಿಸಿ, ಅದರ ಹೊಸ್ತಿಲಿಗೆ ಕೈಮುಗಿದು ಬರುತ್ತಾರೆ.

ನೀಲಾಂಬಿಕೆಯ ಮಹಡಿಯ ಕೋಣೆ ತಮ್ಮ ಗೋಡೆಗೆ ತೀರಾ ಹತ್ತಿರವೆಂದು ಪಕ್ಕದ ಮನೆಯವರು ದೂರಿದ್ದರು. ಆಕೆ ಮಗಳು ಚಂದಾಳ ಕೈ ಹಿಡಿದು ನ್ಯಾಯಾಲಯದ ಪಡಸಾಲೆಯಲ್ಲಿ ನಿಂತಿದ್ದಳು.

“ಎಲ್ಲಾ ಇಳಿಸೀರಿಲ್ಲೋ?” ವಕೀಲ ಹಂಚಿನಮನಿ ಕೇಳಿದರು.

“ತೊಟ್ಟಿಲ ಸೈತ ಇಳಿಸೇವ್ರಿ. ಆದ್ರೂ ಏನರ ಮರತೇನೋ ಅಂತ ಜೀವ ಹೊಡಕೊಳ್ಳಾಕತ್ತೈತಿ.”

ವಕೀಲರು ಚಂದಾಳನ್ನು ನೋಡಿದರು. “ಈ ಕೂಸು ಹುಟ್ಟಿದ್ದೆಲ್ಲಿ?”

“ಆ ಕೋಣ್ಯಾಗ್ರಿ. ದವಾಖಾನಿಗೆ ಹೋಗಾಕ ಗಾಡಿ ಸಿಗಲಿಲ್ಲ. ಯಾಕ್ರಿ?”

“ಅಲ್ಲಿ ಹುಟ್ಟಿದವ್ರೂ ಹುಟ್ಟಿಲ್ಲಂತ ಆಗ್ತೈತಿ! ಮೊದಲ ಹೇಳಬಾರದೇನವಾ?” ವಕೀಲರು ತೀರ್ಪು ತಡೆಯಲು ಒಳಗೆ ಓಡಿದರು.

“ಅವ್ವಾ, ಕೈ ಸಡ್ಲ ಬಿಡ, ನೋಯ್ತೈತಿ,” ಎಂದಳು ಚಂದಾ.

ವಕೀಲರು ಹೊರಬಂದಾಗ, ತಾವೇಕೆ ಓಡಿದ್ದೆವೆಂಬುದು ಅವರಿಗೆ ನೆನಪಾಗಲಿಲ್ಲ. “ಸೋತ್ವಿ ನೋಡವಾ.”

“ಇರ್ಲಿ ಬಿಡ್ರಿ, ಸಾಮಾನರ ಉಳೀತಲ್ಲ,” ಎಂದ ನೀಲಾಂಬಿಕೆ ಒಬ್ಬಳೇ ಅವರ ಹಿಂದೆ ಕ್ಯಾಂಟೀನಿಗೆ ನಡೆದಳು. “ಎರಡು ಚಾ, ಒಂದು ಹಾಲು.”

“ಹಾಲು ಯಾರಿಗ್ರಿ ಅಕ್ಕಾರ?” ಎಂದ ಕ್ಯಾಂಟೀನಿನವನು.

ಆಕೆ ಪಕ್ಕಕ್ಕೆ ನೋಡಿದಳು. ಯಾರೂ ಇರಲಿಲ್ಲ.

“ಗೊತ್ತಿಲ್ಲಪಾ... ಆರಿಸಿ ಕೊಡು. ಬಿಸಿ ಇದ್ರ ಕುಡಿಯಂಗಿಲ್ಲ.”