ಮೊದಲ ಪುಟದಲ್ಲಿ ಇಲ್ಲದವನು

ಹೆಣ್ಣಿನ ಕಡೆಯವರು ಬರಲು ಇನ್ನು ಹತ್ತು ನಿಮಿಷ ಇರುವಾಗ ಜಿತೇಶನಿಗೆ ಗೊತ್ತಾಯಿತು, ತನ್ನ ವೆಬ್‌ಸೈಟು ಸರ್ಚಿನ ಮೊದಲ ಪುಟದಲ್ಲಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಉಡುಪಿ, ಕಾಪು, ಕಾರ್ಕಳದಲ್ಲಿ ಎಲ್ಲಿ ಉಳಿದುಕೊಳ್ಳಬಹುದು ಎಂದು ಹೇಳುವ ಸೈಟು ಅದು. 'ಉಡುಪಿ ಲಾಡ್ಜ್' ಎಂದು ಯಾರು ಹುಡುಕಿದರೂ ಎರಡು ವರ್ಷದಿಂದ ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಅದೇ ಧೈರ್ಯದಲ್ಲಿ ಅವನು ಮಸ್ಕತ್ತಿನ ಕೆಲಸ ಬೇಡವೆಂದಿದ್ದ, ಕಟಪಾಡಿ ಜಂಕ್ಷನ್ನಿನಲ್ಲಿ ಈ ಮಹಡಿಯ ಕೋಣೆ ಹಿಡಿದಿದ್ದ. ಕಾರ್ಕಳದ ದೂಮಪ್ಪನವರ ಮಗಳು ಚೈತಾಲಿಯನ್ನು ನೋಡಲು ಹೋದಾಗಲೂ ಎದೆ ಮುಂದೆ ಮಾಡಿ, ಇಡೀ ಜಿಲ್ಲೆಗೆ ತನ್ನದೇ ಮೊದಲ ಸ್ಥಾನ ಎಂದು ಹೇಳಿ ಬಂದಿದ್ದ. ಹುಡುಗಿ ಅವನಿಗೆ ತುಂಬ ಹಿಡಿಸಿದ್ದಳು. ಆ ಮೊದಲ ಸ್ಥಾನವನ್ನು ಕಣ್ಣಾರೆ ನೋಡಿ ಮಾತು ಮುಗಿಸೋಣವೆಂದು ಅಪ್ಪ ಮಗಳು ಇವತ್ತು ಬರುವವರಿದ್ದರು.

ದೂಮಪ್ಪ ಬಂದವರೇ ಫ್ಯಾನಿನ ಕೆಳಗೆ ಕುಳಿತು, ಈ ಸೈಟಿನಲ್ಲಿ ಸಂಪಾದನೆ ಹೇಗೆ ಎಂದು ಕೇಳಿದರು. ೨೦೦೮ರಲ್ಲಿ ಇದನ್ನು ಹಿರಿಯರಿಗೆ ಅರ್ಥ ಮಾಡಿಸುವುದು ಸುಲಭವಿರಲಿಲ್ಲ. ಇಲ್ಲಿ ಲಾಡ್ಜಿನ ಹೆಸರು ಒತ್ತಿದವರು ಬುಕಿಂಗ್ ಕಂಪನಿಯ ಸೈಟಿಗೆ ಹೋಗುತ್ತಾರೆ, ಅಲ್ಲಿ ಅವರು ಕೋಣೆ ಹಿಡಿದರೆ ಕಂಪನಿ ತನಗೆ ಕಮಿಷನ್ ಕಳಿಸುತ್ತದೆ ಎಂದು ಜಿತೇಶ ಹೆದರುತ್ತಲೇ ವಿವರಿಸಿದ. ದೂಮಪ್ಪನವರಿಗೆ ಥಟ್ಟನೆ ಅರ್ಥವಾಯಿತು. ಅವರು ಮೂವತ್ತು ವರ್ಷ ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಆಗಿದ್ದವರು. ಊರಿನ ಹೆಸರು ಕೂಗಿ ಕೂಗಿ ಜನರನ್ನು ಪ್ರೈವೇಟ್ ಬಸ್ಸಿಗೆ ಹತ್ತಿಸಿ, ಕಂಡಕ್ಟರನಿಂದ ಕಮಿಷನ್ ಪಡೆಯುವ ಕೆಲಸ. ಇದು ತಮ್ಮದೇ ಕಸುಬು, ಬೊಬ್ಬೆ ಮಾತ್ರ ಇಲ್ಲ ಎಂದು ನಕ್ಕರು. ಆಮೇಲೆ ಆ ಮೊದಲ ಸ್ಥಾನ ತೋರಿಸಲು ಹೇಳಿದರು.

ಜಿತೇಶ ಒಂದು ಸಣ್ಣ ಮೋಸ ಮಾಡಿದ. 'ಉಡುಪಿ ಲಾಡ್ಜ್' ಎಂದು ಬರೆಯುವ ಬದಲು ಸೈಟಿನ ಹೆಸರನ್ನೇ ಬರೆದು ಹುಡುಕಿದ. ಹೆಸರು ಹಿಡಿದು ಕರೆದರೆ ಯಾರಾದರೂ ಬಂದೇ ಬರುತ್ತಾರಷ್ಟೆ. ಸೈಟು ಮೊದಲು ಬಂತು, ದೂಮಪ್ಪ ತಲೆದೂಗಿದರು. ಆದರೆ ಚೈತಾಲಿ ಮಣಿಪಾಲದ ಆಫೀಸೊಂದರಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳು ಎಂಬುದು ಗಾಬರಿಯಲ್ಲಿ ಇವನಿಗೆ ಮರೆತೇ ಹೋಗಿತ್ತು. ಅವಳು ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು 'ಉಡುಪಿ ಲಾಡ್ಜ್' ಎಂದು ಬರೆದಳು. ಒಂದೊಂದೇ ಪುಟ ತಿರುಗಿಸುತ್ತ ಹೋದಳು.

"ಇಲ್ಲಿ ಉಂಟು," ಎಂದಳು. ಅದು ಒಂಬತ್ತನೆಯ ಪುಟ.

ಜಿತೇಶನ ಮುಖ ಸಪ್ಪಗಾಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಎಲ್ಲ ಹೇಳಿಬಿಟ್ಟ. ನಿನ್ನೆಯವರೆಗೂ ಮೇಲೆಯೇ ಇತ್ತು. ತನ್ನಂತೆ ಸ್ವಂತದ್ದೇನೂ ಬರೆಯದೆ ಕಮಿಷನ್ ಲಿಂಕು ಹಾಕಿದ ಇನ್ನೂ ಹಲವರ ಸೈಟುಗಳನ್ನು ಸರ್ಚಿನವರು ಹೀಗೆಯೇ ಕೆಳಗೆ ತಳ್ಳಿದ್ದಾರಂತೆ. ಮೊದಲು ತಾನು ಬೈಕಿನಲ್ಲಿ ಹೋಗಿ ನೋಡಿ ಬಂದ ಐದಾರು ಜಾಗಗಳ ಬಗ್ಗೆ ಮಾತ್ರ ಬರೆದಿದ್ದ. ಕಮಿಷನ್ ರುಚಿ ಹತ್ತಿದ ಮೇಲೆ ಅವನ್ನು ತೆಗೆದು, ಕಂಪನಿ ಕಳಿಸಿದ ನಲವತ್ತು ಹೆಸರುಗಳನ್ನು ಕಂಪನಿಯದೇ ಹೊಗಳಿಕೆಯ ಸಮೇತ ಹಾಕಿದ್ದ. ಆ ಪಟ್ಟಿಯನ್ನೂ ತೆರೆದು ತೋರಿಸಿದ.

ದೂಮಪ್ಪ ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡರು. "ನಾನೂ ಮಾಡಿದ್ದೇನೆ ಮಾರಾಯ್ರೆ," ಎಂದರು. "ಒಬ್ಬ ಕಂಡಕ್ಟರ್ ಹೆಚ್ಚು ಕೊಡುತ್ತಾನೆ ಅಂತ, ಸೀಟು ಇಲ್ಲದ ಬಸ್ಸಿಗೆ ಸೀಟು ಉಂಟು ಅಂತ ಜನ ಹತ್ತಿಸಿದೆ. ಎರಡು ವಾರ ನಡೆಯಿತು. ಮೂರನೇ ವಾರ ಜನ ನನ್ನ ಎದುರೇ ನಿಂತು, ಯಾವ ಬಸ್ಸಿಗೆ ಹೋಗುವುದು ಅಂತ ಹೂ ಮಾರುವವಳ ಹತ್ತಿರ ಕೇಳಿದರು."

ಆಮೇಲೆ ಪರದೆಯ ಮೇಲಿನ ಪಟ್ಟಿಗೆ ಬೆರಳು ತೋರಿಸಿದರು. "ಅದು ಇರಲಿ. ಮದುವೆ ಅಂತಾದರೆ ನನ್ನ ತಂಗಿಯ ಸಂಸಾರ ಮುಂಬೈಯಿಂದ ಬರುತ್ತದೆ, ಎಂಟು ಜನ. ಇದರಲ್ಲಿ ಎಲ್ಲಿ ಉಳಿಸುವುದು? ನೀವೇ ಹೇಳಿ."

ಅಭ್ಯಾಸಬಲದಿಂದ ಜಿತೇಶನ ಕಣ್ಣು ಪಟ್ಟಿಯ ಮೊದಲ ಹೆಸರಿಗೆ ಹೋಯಿತು. ಎಲ್ಲರಿಗಿಂತ ಹೆಚ್ಚು ಕಮಿಷನ್ ಕೊಡುವ ಹೋಟೆಲು. ಅದರ ಗೇಟನ್ನೂ ಅವನು ನೋಡಿರಲಿಲ್ಲ. ಆ ಹೆಸರು ಹೇಳಿದರೆ ದೂಮಪ್ಪ ನಂಬುತ್ತಾರೆ, ತಂಗಿಯ ಸಂಸಾರ ಅಲ್ಲಿ ಪಾಡು ಪಟ್ಟರೆ ಜೀವನಪೂರ್ತಿ ಆ ಮಾತು ಕೇಳಬೇಕಾಗುತ್ತದೆ. ಅವನಿಗೆ ನಾಚಿಕೆಯಾಯಿತು.

"ಇದರಲ್ಲಿ ಯಾವುದೂ ಬೇಡ," ಎಂದ. "ಹೂಡೆಯಲ್ಲಿ ಹೊಳೆಬದಿ ರೊಸಾರಿಯೊ ಅಂತ ಒಬ್ಬರಿದ್ದಾರೆ. ಮನೆಯ ಹಿಂದೆ ನಾಲ್ಕು ಕೋಣೆ ಉಂಟು, ತುಂಬ ಚೊಕ್ಕ. ಹೊಟ್ಟೆ ತುಂಬ ಊಟ ಹಾಕುತ್ತಾರೆ. ಬೆಳಿಗ್ಗೆ ಸ್ವಲ್ಪ ಮೀನಿನ ವಾಸನೆ ಬರುತ್ತದೆ, ಸೊಳ್ಳೆಪರದೆ ನೀವೇ ತಕೊಂಡು ಹೋಗಬೇಕು. ಅವರು ಕಮಿಷನ್ ಕೊಡುವುದಿಲ್ಲ, ಹಾಗೆ ನಾನು ಪಟ್ಟಿಯಿಂದ ತೆಗೆದದ್ದು."

ದೂಮಪ್ಪನವರ ಮುಖ ಅರಳಿತು. ಇಷ್ಟು ಸಾಕು, ಒಂಬತ್ತನೆಯ ಪುಟವಾದರೂ ಅಡ್ಡಿಯಿಲ್ಲ, ಹುಡುಗ ಆಗಬಹುದು ಎಂದು ಎದ್ದು ನಿಂತರು. ಜಿತೇಶನಿಗೆ ಹೋದ ಜೀವ ಬಂದಂತಾಯಿತು. ಆದರೆ ಚೈತಾಲಿ ಕುರ್ಚಿಯಿಂದ ಏಳಲಿಲ್ಲ. ಅವಳು ಇನ್ನೂ ಆ ನಲವತ್ತು ಹೆಸರುಗಳನ್ನೇ ಓದುತ್ತಿದ್ದಳು.

"ನಾವು ಸಂಬಂಧ ಮಾಡುವವರು ಅಂತ ನಮಗೆ ನಿಜ ಹೇಳಿದಿರಿ, ಹೊರಗಿನವರಿಗೆ ಈ ಪಟ್ಟಿ, ಅಲ್ವಾ?" ಎಂದಳು.

ಜಿತೇಶ ಪಟ್ಟಿಯ ಮೊದಲ ಹೆಸರನ್ನು ನೋಡಿದ.

ಚೈತಾಲಿ ಎದ್ದು ಕೀಬೋರ್ಡನ್ನು ಅವನ ಮುಂದೆ ತಳ್ಳಿದಳು. "ಸಂಬಂಧ ಆಗುವವರೆಗೆ ನಾನೂ ಹೊರಗಿನವಳೇ. ನಮಗೆ ಹೇಳಿದ್ದನ್ನೇ ಇಲ್ಲಿ ಬರೆಯಿರಿ. ಓದಿ, ಆಗಬಹುದೋ ಇಲ್ಲವೋ ಹೇಳುತ್ತೇನೆ."