ಹುಸೇನ್‌ಬೀಯ ಬಲ್ಬು

ಬಾಗಿಲಿಗೆ ಬೀಗ ಬಿದ್ದಿತ್ತು. ಶಿವಕುಮಾರಿ ಫೋಟೋ ಹಿಡಿದುಕೊಂಡು ಪಕ್ಕದ ಮನೆ ಹುಸೇನ್‌ಬೀಯ ಕಟ್ಟೆಯ ಮೇಲೆ ಹಾಗೇ ನಿಂತಳು. ಅಂಗಳದ ಬಲ್ಬಿನ ಜಗಳಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಆ ಬೆಳಕಿಗೆ ತನ್ನ ಮಾಳಿಗೆಯ ಟೆಲಿಸ್ಕೋಪಿನ ಚಿತ್ರವೆಲ್ಲ ಮಸುಕಾಗುತ್ತದೆ ಎಂದು ಶಿವಕುಮಾರಿ ಎಷ್ಟು ಕೂಗಾಡಿದರೂ ಮುದುಕಿ ಆರಿಸಿರಲಿಲ್ಲ. ಈ ವಾರ ಮಾತ್ರ ಆರಿಸಿದಂತಿತ್ತು.

ಅದರಿಂದಲೇ ಈ ಚಿತ್ರ ಸಿಕ್ಕಿತ್ತು: ಗ್ಯಾಲಕ್ಸಿಗಳ ದೊಡ್ಡ ಗುಂಪು, ಅದರ ಅಂಚಿಗೆ ಒಡೆದ ಬಳೆಯ ಚೂರಿನಂಥ ಗೆರೆ. ಗುಂಪಿನ ಹಿಂದೆಲ್ಲೋ ಮರೆಯಾಗಿದ್ದ ಇನ್ನೊಂದು ಗ್ಯಾಲಕ್ಸಿಯ ಬೆಳಕು, ಮುಂದಿರುವ ಗುಂಪಿನ ಭಾರಕ್ಕೆ ಬಾಗಿ ಸುತ್ತಿ ಬಂದಿತ್ತು. ಮೊದಲು ಹುಸೇನ್‌ಬೀಗೇ ತೋರಿಸಬೇಕು ಅನ್ನಿಸಿತ್ತು. ತೋರಿಸಲು ಗೊರೇಬಾಳದಲ್ಲಿ ಅವಳಿಗೆ ಬೇರೆ ಯಾರೂ ಇರಲಿಲ್ಲ.

ಉಳಿದ ಸಾಮಾನು ಒಯ್ಯಲು ಆಟೋದಲ್ಲಿ ಬಂದಿಳಿದ ಮುದುಕಿಯ ಮಗಳು ಕೌಸರ್ ಹೇಳಿದಳು: "ಅಮ್ಮೀನ ಹೋದ ವಾರನ ಮಸ್ಕಿಗೆ ಕರ್ಕೊಂಡು ಹೋದ್ವಿರೀ ಅಕ್ಕಾ. ಇನ್ನ ನಮ್ಮನ್ಯಾಗ ಇರ್ತಾಳ."

"ಮತ್ತ ಈ ಬಲ್ಬು?"

"ಅಲ್ಲೂ ಅದರದ ಚಿಂತಿ ಮಾಡಾಕತ್ತಾಳ. 'ಶಿವಕುಮಾರಿ ಮಾಳಿಗಿ ಮ್ಯಾಲ ಕತ್ತಲದಾಗ ಒಬ್ಬಾಕಿನೇ ಇರ್ತಾಳ, ನಾನೂ ಎಚ್ಚರ ಅದೀನಿ ಅಂತ ಆಕಿಗಿ ಗೊತ್ತಾಗ್ಲಿ ಅಂತ ಹಚ್ಚತಿದ್ದೆ. ಇನ್ನ ಯಾರು ಹಚ್ಚತಾರ?' ಅಂತಾಳ."

ಶಿವಕುಮಾರಿ ಕೈ ಚಾಚಿ ಬಾಗಿಲ ಪಕ್ಕದ ಸ್ವಿಚ್ಚು ಒತ್ತಿದಳು. ಮಟಮಟ ಮಧ್ಯಾಹ್ನದಲ್ಲಿ ಬಲ್ಬು ಹತ್ತಿಕೊಂಡಿತು.